ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಪ್ಯಾರಾಲಿಂಪಿಕ್ಸ್: ಕ್ರೀಡೆಗಳ ಆಯ್ಕೆ ಮತ್ತು ವರ್ಗೀಕರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2023ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ, ಅಂದರೆ ಐಒಸಿಯ 141ನೇ ಅಧಿವೇಶನ ಮುಂಬೈಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ನಡೆಯಿತು. ಕ್ರಿಕೆಟ್ ಒಲಿಂಪಿಕ್ಸ್‌ಗೆ ಮರಳಿದ್ದು ಅಲ್ಲಿಯೇ. ಅಂದಿನಿಂದ ಮುಂಬೈ, ಪುಣೆ ಮತ್ತು ಗೋವಾದ ಕನ್ನಡ ಮನೆಗಳಲ್ಲಿ, ಅದರಲ್ಲೂ ಮಕ್ಕಳನ್ನು ಮೈದಾನಕ್ಕೆ ಕಳುಹಿಸುತ್ತಿರುವ ತಂದೆ ತಾಯಂದಿರಲ್ಲಿ, ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಕೇಳಿಬರುತ್ತಿವೆ. ಅವುಗಳಿಗೆ ಸಾಧ್ಯವಾದಷ್ಟು ನಿಖರವಾದ ಉತ್ತರಗಳನ್ನು ಇಲ್ಲಿ ಕೊಡಲಾಗಿದೆ.

ಮುಂಬೈ ಅಧಿವೇಶನದಲ್ಲಿ ನಿಜವಾಗಿ ತೀರ್ಮಾನವಾದದ್ದೇನು?

ಲಾಸ್ ಏಂಜಲೀಸ್ 2028ರ ಸಂಘಟಕರು ಮುಂದಿಟ್ಟ ಐದು ಹೆಚ್ಚುವರಿ ಕ್ರೀಡೆಗಳಿಗೆ ಅಕ್ಟೋಬರ್ 16ರಂದು ಒಪ್ಪಿಗೆ ದೊರೆಯಿತು. ಬೇಸ್‌ಬಾಲ್-ಸಾಫ್ಟ್‌ಬಾಲ್, ಟಿ20 ಮಾದರಿಯ ಕ್ರಿಕೆಟ್, ಫ್ಲ್ಯಾಗ್ ಫುಟ್‌ಬಾಲ್, ತಂಡಕ್ಕೆ ಆರು ಮಂದಿ ಆಡುವ ಲಕ್ರಾಸ್ ಮತ್ತು ಸ್ಕ್ವಾಶ್ ಆ ಐದು ಕ್ರೀಡೆಗಳು. 2028ರ ಮೊದಲ ಪಟ್ಟಿಯಲ್ಲಿ ಇಲ್ಲದಿದ್ದ ಭಾರ ಎತ್ತುವ ಸ್ಪರ್ಧೆ ಮತ್ತು ಮಾಡರ್ನ್ ಪೆಂಟಥ್ಲಾನ್‌ಗಳ ಮೇಲೆ ತೂಗುತ್ತಿದ್ದ ಕತ್ತಿ ಸರಿದದ್ದೂ ಅದೇ ಅಧಿವೇಶನದಲ್ಲಿ. ಅದೇ ಸ್ಥಿತಿಯಲ್ಲಿದ್ದ ಬಾಕ್ಸಿಂಗ್‌ನ ವಿಷಯ ಮಾತ್ರ ಅಲ್ಲಿ ಇತ್ಯರ್ಥವಾಗಲಿಲ್ಲ. ಅದಕ್ಕೆ 2025ರ ಮಾರ್ಚ್‌ವರೆಗೆ ಕಾಯಬೇಕಾಯಿತು.

ಈ ಒಪ್ಪಿಗೆ 2028ಕ್ಕೆ ಮಾತ್ರ ಎಂಬುದು ಬಹಳ ಜನರ ಗಮನಕ್ಕೆ ಬಂದಿಲ್ಲ. ಕ್ರಿಕೆಟ್ ಇನ್ನು ಮುಂದೆ ಒಲಿಂಪಿಕ್ಸ್‌ನ ಖಾಯಂ ಕ್ರೀಡೆ ಎಂದು ಭಾವಿಸುವುದು ತಪ್ಪಾಗುತ್ತದೆ. ಅದು 1900ರ ಪ್ಯಾರಿಸ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಒಂದೇ ಒಂದು ಪಂದ್ಯವಾಗಿ ನಡೆದು, ನಂತರ 128 ವರ್ಷಗಳ ಅಂತರಕ್ಕೆ ಸರಿದ ಆಟ ಎಂಬುದನ್ನು ನೆನಪಿಡಬೇಕು.

ಕ್ರೀಡೆ, ವಿಭಾಗ, ಸ್ಪರ್ಧೆ ಎಂದು ಬೇರೆ ಬೇರೆಯಾಗಿ ಎಣಿಸುವುದೇಕೆ?

ಈ ಮೂರು ಹಂತಗಳು ಸ್ಪಷ್ಟವಾದರೆ ಉಳಿದ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ. ಒಂದು ಅಂತರರಾಷ್ಟ್ರೀಯ ಫೆಡರೇಷನ್ನಿನ ಆಡಳಿತಕ್ಕೆ ಒಳಪಟ್ಟದ್ದು ಕ್ರೀಡೆ. ಅದರೊಳಗಿನ ಕವಲುಗಳು ವಿಭಾಗಗಳು. ಕೊನೆಯಲ್ಲಿ ಪದಕ ಕೊಡುವ ಘಟಕವೇ ಸ್ಪರ್ಧೆ. ಜಲಕ್ರೀಡೆ ಎಂಬ ಒಂದು ಕ್ರೀಡೆಯಲ್ಲಿ ಈಜು, ಡೈವಿಂಗ್, ವಾಟರ್ ಪೋಲೊ, ಕಲಾತ್ಮಕ ಈಜು ಮತ್ತು ಮ್ಯಾರಥಾನ್ ಈಜು ಎಂಬ ವಿಭಾಗಗಳಿದ್ದು, ಮಹಿಳೆಯರ 200 ಮೀಟರ್ ಬಟರ್‌ಫ್ಲೈ ಎಂಬುದು ಈಜಿನೊಳಗಿನ ಒಂದು ಸ್ಪರ್ಧೆ. ಜಿಮ್ನಾಸ್ಟಿಕ್ಸ್‌ನಲ್ಲಿಯೂ ಕಲಾತ್ಮಕ, ಲಯಬದ್ಧ ಮತ್ತು ಟ್ರ್ಯಾಂಪೊಲಿನ್ ಎಂಬ ಮೂರು ವಿಭಾಗಗಳಿವೆ.

ಪ್ಯಾರಿಸ್ 2024ರಲ್ಲಿ 32 ಕ್ರೀಡೆಗಳಿದ್ದವು, 329 ಸ್ಪರ್ಧೆಗಳಿದ್ದವು. ಲಾಸ್ ಏಂಜಲೀಸ್‌ಗೆ 36 ಕ್ರೀಡೆಗಳು ಮತ್ತು 351 ಸ್ಪರ್ಧೆಗಳು ನಿಗದಿಯಾಗಿವೆ. ಕ್ರೀಡೆಯ ಹೆಸರು ಪಟ್ಟಿಯಲ್ಲಿದ್ದ ಮಾತ್ರಕ್ಕೆ ನಿಮ್ಮ ಮಗ ಅಥವಾ ಮಗಳು ಅಭ್ಯಾಸ ಮಾಡುತ್ತಿರುವ ಸ್ಪರ್ಧೆ ಅಲ್ಲಿ ಇದ್ದೇ ಇರುತ್ತದೆ ಎನ್ನುವಂತಿಲ್ಲ. ರಾಜ್ಯವರ್ಧನ್ ಸಿಂಗ್ ರಾಠೋಡ್ 2004ರಲ್ಲಿ ಬೆಳ್ಳಿ ಗೆದ್ದ ಶೂಟಿಂಗ್‌ನ ಪುರುಷರ ಡಬಲ್ ಟ್ರ್ಯಾಪ್ ಸ್ಪರ್ಧೆ 2016ರ ರಿಯೋ ನಂತರ ಇಲ್ಲವಾಯಿತು. ಅದರ ಜೊತೆಗೆ ಪುರುಷರ 50 ಮೀಟರ್ ಪಿಸ್ತೂಲ್ ಮತ್ತು 50 ಮೀಟರ್ ಮಲಗಿ ಗುಂಡು ಹಾರಿಸುವ ರೈಫಲ್ ಸ್ಪರ್ಧೆಗಳೂ ಹೋದವು. ಆ ಜಾಗಕ್ಕೆ ಪುರುಷ-ಮಹಿಳೆ ಜೋಡಿಯ ಮಿಶ್ರ ಸ್ಪರ್ಧೆಗಳು ಬಂದವು. ಕೊಲ್ಹಾಪುರ ಜಿಲ್ಲೆಯಿಂದ ಬಂದು, ಪುಣೆಯ ಬಾಲೇವಾಡಿಯಲ್ಲಿ ತರಬೇತಿ ಪಡೆದ ಸ್ವಪ್ನಿಲ್ ಕುಸಾಳೆ ಪ್ಯಾರಿಸ್‌ನಲ್ಲಿ ಕಂಚು ಗೆದ್ದದ್ದು 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ. ಅದೇ ದೂರ, ಅದೇ ಬಂದೂಕು; ಆದರೆ ಮಲಗಿ ಹಾರಿಸುವುದರಲ್ಲಿ ಮಾತ್ರ ಪರಿಣತಿ ಪಡೆದವರಿಗೆ ಒಲಿಂಪಿಕ್ಸ್‌ನಲ್ಲಿ ಇಂದು ಜಾಗವಿಲ್ಲ. ಕ್ರೀಡಾಪಟುವಿನ ಬದುಕನ್ನು ನಿರ್ಧರಿಸುವುದು ಸ್ಪರ್ಧೆಗಳ ಪಟ್ಟಿಯೇ ಹೊರತು ಕ್ರೀಡೆಗಳ ಪಟ್ಟಿಯಲ್ಲ ಎಂಬುದೇ ಇಲ್ಲಿ ಮುಖ್ಯವಾಗಿ ಹೇಳಬೇಕಾದ ಮಾತು.

ಕ್ಲೈಂಬಿಂಗ್‌ನಲ್ಲಿ ಇದಕ್ಕೆ ವಿರುದ್ಧವಾದ ಬೆಳವಣಿಗೆ ಕಾಣುತ್ತದೆ. ಟೋಕಿಯೊದಲ್ಲಿ ವೇಗ, ಬೋಲ್ಡರ್ (ಹಗ್ಗವಿಲ್ಲದೆ ತಗ್ಗಿನ ಗೋಡೆ) ಮತ್ತು ಲೀಡ್ (ಹಗ್ಗ ಕಟ್ಟಿಕೊಂಡು ಎತ್ತರದ ಗೋಡೆ) ಎಂಬ ಮೂರೂ ಬಗೆಯ ಏರುವಿಕೆಗೆ ಸೇರಿ ಒಂದೇ ಪದಕವಿತ್ತು. ಪ್ಯಾರಿಸ್‌ನಲ್ಲಿ ವೇಗವನ್ನು ಬೇರ್ಪಡಿಸಿದರು. 2028ರಲ್ಲಿ ಮೂರಕ್ಕೂ ಪ್ರತ್ಯೇಕ ಪದಕಗಳಿವೆ.

ಕ್ರೀಡೆಗಳನ್ನು ಸೇರಿಸುವ ಅಧಿಕಾರ ಯಾರದು?

ಒಲಿಂಪಿಕ್ಸ್‌ನಲ್ಲಿ ಕೊನೆಯ ಮಾತು ಐಒಸಿ ಸದಸ್ಯರೆಲ್ಲರೂ ಕೂಡುವ ಅಧಿವೇಶನದ್ದು. ಅದಕ್ಕೆ ಮೊದಲು ಕಾರ್ಯಕ್ರಮ ಆಯೋಗ ಪರಿಶೀಲನೆ ನಡೆಸುತ್ತದೆ, ಕಾರ್ಯಕಾರಿ ಮಂಡಳಿ ಶಿಫಾರಸು ಮಾಡುತ್ತದೆ. ಕ್ರೀಡೆಗಳು ಮೊದಲು ನಿರ್ಧಾರವಾಗುತ್ತವೆ, ಸ್ಪರ್ಧೆಗಳ ಪಟ್ಟಿ ಮತ್ತು ಕ್ರೀಡಾಪಟುಗಳ ಸಂಖ್ಯೆ ಆಮೇಲೆ. 2028ರ ಮೊದಲ 28 ಕ್ರೀಡೆಗಳು 2022ರ ಫೆಬ್ರವರಿಯಲ್ಲಿ, ಹೆಚ್ಚುವರಿ ಐದು 2023ರಲ್ಲಿ, ಸ್ಪರ್ಧೆಗಳ ಪೂರ್ಣ ಪಟ್ಟಿ 2025ರ ಏಪ್ರಿಲ್‌ನಲ್ಲಿ ತೀರ್ಮಾನವಾದವು.

2014ರ ಡಿಸೆಂಬರ್‌ನಲ್ಲಿ ಮೊನಾಕೊದಲ್ಲಿ ಅಂಗೀಕಾರವಾದ ಸುಧಾರಣೆಗಳ ನಂತರ ಆತಿಥೇಯ ನಗರಕ್ಕೆ ದೊಡ್ಡ ಬಲ ಬಂತು. ತನ್ನ ಕೂಟಕ್ಕೆ ಮಾತ್ರ ಕೆಲವು ಕ್ರೀಡೆಗಳನ್ನು ಸೇರಿಸುವಂತೆ ಅದು ಕೇಳಬಹುದು. ಜಪಾನ್ ಕರಾಟೆಯನ್ನು, ಫ್ರಾನ್ಸ್ ಬ್ರೇಕಿಂಗ್ ನೃತ್ಯವನ್ನು, ಅಮೆರಿಕ ಫ್ಲ್ಯಾಗ್ ಫುಟ್‌ಬಾಲನ್ನು ತಂದದ್ದು ಹೀಗೆ. ಕರಾಟೆ ಟೋಕಿಯೊ ಮುಗಿದ ಮೇಲೆ ಹೊರಗುಳಿಯಿತು, ಬ್ರೇಕಿಂಗ್ ಪ್ಯಾರಿಸ್ ಮುಗಿದ ಮೇಲೆ. ಆದರೆ ಸ್ಕೇಟ್‌ಬೋರ್ಡಿಂಗ್, ಸರ್ಫಿಂಗ್ ಮತ್ತು ಕ್ಲೈಂಬಿಂಗ್ ಅದೇ ಬಾಗಿಲಿನಿಂದ ಒಳಗೆ ಬಂದು ಮುಖ್ಯ ಪಟ್ಟಿಯಲ್ಲಿ ನೆಲೆಯೂರಿವೆ.

ಆಟ ಇಷ್ಟೊಂದು ಜನಪ್ರಿಯವಾಗಿದ್ದರೂ ಜಾಗ ಸಿಗುವುದಿಲ್ಲವೇಕೆ?

ಒಟ್ಟು ಸಂಖ್ಯೆಗೆ ಮಿತಿಯಿರುವುದೇ ಮೊದಲ ಕಾರಣ. ಬೇಸಿಗೆ ಒಲಿಂಪಿಕ್ಸ್‌ಗೆ ಸುಮಾರು 10,500 ಕ್ರೀಡಾಪಟುಗಳೆಂಬ ಮಿತಿ ಇದೆ. ಊಟದ ಪಂಕ್ತಿಯಲ್ಲಿ ಹಾಕಿದ ಎಲೆಗಳಷ್ಟೇ ಜನ ಕೂರಬಹುದಾದಂತೆ, ಹೊಸದಾಗಿ ಬಂದ ತಂಡಕ್ಕೆ ಜಾಗ ಕೊಡಲು ಬೇರೆ ಯಾರದ್ದಾದರೂ ಸಂಖ್ಯೆ ಕಡಿಮೆಯಾಗಬೇಕು. 2028ರಲ್ಲಿ ಹೆಚ್ಚುವರಿ ಐದು ಕ್ರೀಡೆಗಳಿಗಾಗಿ ಇದರ ಮೇಲೆ 698 ಸ್ಥಾನಗಳನ್ನು ಕೊಡಲಾಗಿದೆ. ಕ್ರಿಕೆಟ್‌ಗೆ ಪುರುಷರಲ್ಲಿ ಆರು, ಮಹಿಳೆಯರಲ್ಲಿ ಆರು ತಂಡಗಳು ಮಾತ್ರ. ತಂಡಕ್ಕೆ 15 ಮಂದಿಯಂತೆ ಎರಡೂ ಕಡೆ ತಲಾ 90 ಆಟಗಾರರು. ತಂಡದ ಆಟಗಳಿಗೆ ಬಾಗಿಲು ಕಿರಿದಾಗಿರುವುದಕ್ಕೆ ಈ ಲೆಕ್ಕವೇ ಕಾರಣ.

ಎರಡನೆಯದು ವಿಸ್ತಾರ. ಹಿಂದಿನ ಒಲಿಂಪಿಕ್ ಚಾರ್ಟರ್‌ನಲ್ಲಿ ಬೇಸಿಗೆ ಕ್ರೀಡೆಯೊಂದನ್ನು ಪುರುಷರು ನಾಲ್ಕು ಖಂಡಗಳ ಕನಿಷ್ಠ 75 ದೇಶಗಳಲ್ಲಿ, ಮಹಿಳೆಯರು ಮೂರು ಖಂಡಗಳ ಕನಿಷ್ಠ 40 ದೇಶಗಳಲ್ಲಿ ವ್ಯಾಪಕವಾಗಿ ಆಡುತ್ತಿರಬೇಕು ಎಂಬ ನಿಯಮವಿತ್ತು. ಈಗ ಅಂಕಿಯ ಬದಲು ಹಲವು ಮಾನದಂಡಗಳನ್ನು ಒಟ್ಟಿಗೆ ತೂಗಿ ನೋಡುತ್ತಾರೆ: ಖರ್ಚು, ಇರುವ ಕ್ರೀಡಾಂಗಣಗಳ ಬಳಕೆ, ಸ್ತ್ರೀ-ಪುರುಷ ಸಮಾನತೆ, ಯುವಜನರ ಆಸಕ್ತಿ, ಉದ್ದೀಪನ ಮದ್ದಿನ ವಿರುದ್ಧದ ಕಟ್ಟುನಿಟ್ಟು, ಫೆಡರೇಷನ್ನಿನ ಆಡಳಿತದ ಸ್ವಚ್ಛತೆ. ಕೋಟ್ಯಂತರ ಅಭಿಮಾನಿಗಳು ಒಂದೇ ಪ್ರದೇಶದಲ್ಲಿದ್ದರೆ ಈ ತೂಕದಲ್ಲಿ ಅವರ ಸಂಖ್ಯೆ ಅಷ್ಟಾಗಿ ನೆರವಾಗದು.

ಒಮ್ಮೆ ಸೇರಿದ ಕ್ರೀಡೆಯನ್ನು ತೆಗೆದುಹಾಕುತ್ತಾರೆಯೇ?

ತೆಗೆದಿದ್ದಾರೆ, ಮುಂದೆಯೂ ತೆಗೆಯಬಹುದು. ಬೇಸ್‌ಬಾಲ್ 1992ರಿಂದ 2008ರವರೆಗೆ ಪದಕದ ಕ್ರೀಡೆಯಾಗಿತ್ತು. 2005ರಲ್ಲಿ ಸಿಂಗಪುರದ ಅಧಿವೇಶನ ಅದನ್ನೂ ಸಾಫ್ಟ್‌ಬಾಲನ್ನೂ ಕೈಬಿಟ್ಟಿತು. ಟೋಕಿಯೊದಲ್ಲಿ ಮರಳಿ, ಪ್ಯಾರಿಸ್‌ನಲ್ಲಿ ಮತ್ತೆ ಹೊರಗುಳಿದು, ಈಗ 2028ಕ್ಕೆ ಬರುತ್ತಿದೆ.

ನಮ್ಮ ಮನಸ್ಸಿಗೆ ಹೆಚ್ಚು ತಟ್ಟಿದ್ದು ಕುಸ್ತಿಯ ಪ್ರಕರಣ. ಪ್ರಾಚೀನ ಒಲಿಂಪಿಕ್ಸ್‌ನಿಂದಲೂ ಇದ್ದ ಕುಸ್ತಿಯನ್ನು 2020ರಿಂದ ಕೈಬಿಡಬೇಕೆಂದು 2013ರ ಫೆಬ್ರವರಿಯಲ್ಲಿ ಕಾರ್ಯಕಾರಿ ಮಂಡಳಿ ಶಿಫಾರಸು ಮಾಡಿತು. ಕೊಲ್ಹಾಪುರ, ಸಾಂಗಲಿ, ಬೆಳಗಾವಿಯ ಗರಡಿಗಳಲ್ಲಿ ಮಣ್ಣು ಮೈಗೆ ಹತ್ತಿಸಿಕೊಂಡವರಿಗೆ ಅದು ನಂಬಲಾಗದ ಸುದ್ದಿ. ಅಂತರರಾಷ್ಟ್ರೀಯ ಫೆಡರೇಷನ್ ತನ್ನ ಅಧ್ಯಕ್ಷರನ್ನು ಬದಲಿಸಿತು, ನೋಡುಗರಿಗೆ ಅರ್ಥವಾಗುವಂತೆ ಅಂಕದ ನಿಯಮಗಳನ್ನು ತಿದ್ದಿತು, ಆಡಳಿತದಲ್ಲಿ ಮಹಿಳೆಯರಿಗೆ ಜಾಗ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಡೆದ ಮತದಾನದಲ್ಲಿ ಕುಸ್ತಿಗೆ 49, ಬೇಸ್‌ಬಾಲ್-ಸಾಫ್ಟ್‌ಬಾಲ್‌ಗೆ 24, ಸ್ಕ್ವಾಶ್‌ಗೆ 22 ಮತಗಳು ಬಂದವು. ಸಂಪ್ರದಾಯದ ಹಿರಿಮೆಗಿಂತ ಆಡಳಿತದ ಎಚ್ಚರ ದೊಡ್ಡದೆಂದು ಈ ಘಟನೆ ತೋರಿಸಿಕೊಟ್ಟಿತು. ಬಾಕ್ಸಿಂಗ್‌ನಲ್ಲಿಯೂ ಹಾಗೆಯೇ ಆಯಿತು: ಹಳೆಯ ಅಂತರರಾಷ್ಟ್ರೀಯ ಸಂಸ್ಥೆಯ ಮಾನ್ಯತೆಯನ್ನು 2023ರ ಜೂನ್‌ನಲ್ಲಿ ಹಿಂತೆಗೆದುಕೊಂಡ ಐಒಸಿ, ವರ್ಲ್ಡ್ ಬಾಕ್ಸಿಂಗ್ ಎಂಬ ಹೊಸ ಸಂಸ್ಥೆಗೆ 2025ರಲ್ಲಿ ತಾತ್ಕಾಲಿಕ ಮಾನ್ಯತೆ ಕೊಟ್ಟ ನಂತರವೇ ಬಾಕ್ಸಿಂಗನ್ನು 2028ಕ್ಕೆ ಸೇರಿಸಿತು.

ಕಬಡ್ಡಿ ಒಲಿಂಪಿಕ್ಸ್‌ನಲ್ಲಿ ಏಕಿಲ್ಲ? 1936ರಲ್ಲಿಯೇ ಬರ್ಲಿನ್‌ನಲ್ಲಿ ಆಡಿದ್ದರಲ್ಲವೇ?

ಮುಂಬೈಯ ಪ್ರಭಾದೇವಿ, ಲೋವರ್ ಪರೇಲ್‌ಗಳ ಮಂಡಳಗಳಲ್ಲಿ ಕಬಡ್ಡಿ ನೋಡಿ ಬೆಳೆದವರೂ ಕರಾವಳಿಯ ಊರುಗಳಿಂದ ಬಂದು ಇಲ್ಲಿ ನೆಲೆಸಿದವರೂ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದ ತಂಡ 1936ರಲ್ಲಿ ಬರ್ಲಿನ್‌ಗೆ ಹೋಗಿ ಭಾರತೀಯ ಆಟಗಳನ್ನು ಪ್ರದರ್ಶಿಸಿದ್ದು ನಿಜ, ಅದು ಹೆಮ್ಮೆಯ ವಿಷಯವೂ ಹೌದು. ಆದರೆ ಅದು ಸ್ಪರ್ಧೆಗಳ ಕಾರ್ಯಕ್ರಮದ ಭಾಗವಾಗಿರಲಿಲ್ಲ. ಆದ್ದರಿಂದ ಕಬಡ್ಡಿ ಒಮ್ಮೆ ಇದ್ದು ಕೈತಪ್ಪಿತು ಎನ್ನುವಂತಿಲ್ಲ.

ಏಷ್ಯನ್ ಗೇಮ್ಸ್‌ನ ಕಥೆ ಬೇರೆ. 1982ರ ದೆಹಲಿಯಲ್ಲಿ ಪ್ರದರ್ಶನ ಕ್ರೀಡೆಯಾಗಿ, 1990ರ ಬೀಜಿಂಗ್‌ನಿಂದ ಪದಕದ ಕ್ರೀಡೆಯಾಗಿ ಕಬಡ್ಡಿ ಅಲ್ಲಿದೆ. ಮಹಿಳಾ ಕಬಡ್ಡಿ 2010ರ ಗುವಾಂಗ್‌ಝೌನಲ್ಲಿ ಸೇರಿತು. 2018ರಲ್ಲಿ ಜಕಾರ್ತದಲ್ಲಿ ಪುರುಷರ ಮತ್ತು ಮಹಿಳೆಯರ ಎರಡೂ ಚಿನ್ನಗಳು ಇರಾನ್ ಪಾಲಾದಾಗ ನಮ್ಮಲ್ಲಿ ಬಹಳಷ್ಟು ಜನ ಬೇಸರಪಟ್ಟರು. ಆಟದ ಭವಿಷ್ಯದ ದೃಷ್ಟಿಯಿಂದ ನೋಡಿದರೆ ಅದು ಒಳ್ಳೆಯ ಸುದ್ದಿಯೇ ಆಗಿತ್ತು, ಏಕೆಂದರೆ ಒಂದೇ ದೇಶ ಸದಾ ಗೆಲ್ಲುವ ಆಟವನ್ನು ಜಗತ್ತಿನ ಆಟವೆಂದು ಒಪ್ಪಿಸುವುದು ಕಷ್ಟ.

ಒಲಿಂಪಿಕ್ಸ್‌ಗೆ ಮೊದಲ ಮೆಟ್ಟಿಲು ಅಂತರರಾಷ್ಟ್ರೀಯ ಫೆಡರೇಷನ್ನಿಗೆ ಐಒಸಿಯ ಮಾನ್ಯತೆ. ಕಬಡ್ಡಿಗೆ ಅದು ದೊರೆತಿಲ್ಲ. ದೇಶದೊಳಗೂ ಆಡಳಿತ ಸುಗಮವಾಗಿರಲಿಲ್ಲ. ರಾಷ್ಟ್ರೀಯ ಫೆಡರೇಷನ್ನಿಗೆ 2018ರಲ್ಲಿ ದೆಹಲಿ ಹೈಕೋರ್ಟ್ ಆಡಳಿತಾಧಿಕಾರಿಯನ್ನು ನೇಮಿಸಬೇಕಾಯಿತು. ದೂರದರ್ಶನದ ಲೀಗ್ ಎಷ್ಟೇ ಯಶಸ್ವಿಯಾದರೂ ಅದು ಈ ಕೊರತೆಯನ್ನು ತುಂಬದು. 2036ರ ಒಲಿಂಪಿಕ್ಸ್‌ಗೆ ಆತಿಥ್ಯ ವಹಿಸುವ ಭಾರತದ ಇಚ್ಛೆಯನ್ನು ಪ್ರಧಾನಿಯವರು ಇದೇ ಮುಂಬೈ ಅಧಿವೇಶನದ ಉದ್ಘಾಟನೆಯಲ್ಲಿ ಪ್ರಕಟಿಸಿದರು, 2024ರ ಅಕ್ಟೋಬರ್‌ನಲ್ಲಿ ಅಧಿಕೃತ ಪತ್ರವೂ ಹೋಯಿತು. ಆತಿಥ್ಯ ದೊರೆತರೆ ಕಬಡ್ಡಿಯ ಹೆಸರನ್ನು ಮುಂದಿಡುವ ಅವಕಾಶ ತೆರೆಯುತ್ತದೆ. ಅಷ್ಟರೊಳಗೆ ಮಾನ್ಯತೆಯ ಕೆಲಸ ಮುಗಿಯಬೇಕು, ಆಫ್ರಿಕಾ, ಯೂರೋಪ್ ಮತ್ತು ಅಮೆರಿಕ ಖಂಡಗಳಲ್ಲಿ ನಿಯಮಿತವಾಗಿ ಟೂರ್ನಿ ಆಡುವ ತಂಡಗಳು ಇರಬೇಕು. ಹೆಸರಿಗೆ ಮಾತ್ರ ಇರುವ ಸಂಘಗಳಿಂದ ಪ್ರಯೋಜನವಿಲ್ಲ.

ಹಿಂದೆ ಇದ್ದ ಪ್ರದರ್ಶನ ಕ್ರೀಡೆಗಳ ಪದ್ಧತಿ ಏನಾಯಿತು?

ಒಲಿಂಪಿಕ್ಸ್‌ನಲ್ಲಿ ಅದು 1992ರ ನಂತರ ನಿಂತಿತು. ಬ್ಯಾಡ್ಮಿಂಟನ್ 1972ರಲ್ಲಿ ಪ್ರದರ್ಶನವಾಗಿ ಬಂದು 1992ರಲ್ಲಿ ಪದಕದ ಕ್ರೀಡೆಯಾಯಿತು. ಟೇಕ್ವಾಂಡೊ 1988 ಮತ್ತು 1992ರಲ್ಲಿ ಪ್ರದರ್ಶನವಾಗಿದ್ದು 2000ದಲ್ಲಿ ಪದಕಕ್ಕೆ ಏರಿತು. ಉಳಿದ ಕೂಟಗಳಲ್ಲಿ ಈ ಪದ್ಧತಿ ಇನ್ನೂ ಇದೆ.

ಖೋ-ಖೋ, ರೋಲ್ ಬಾಲ್, ಲಗೋರಿ ಯಾವ ಹಂತದಲ್ಲಿವೆ?

ಖೋ-ಖೋ ಆಟಕ್ಕೆ ಇಂದಿನ ನಿಯಮಗಳ ಚೌಕಟ್ಟು ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ. ಅದು 2016ರಲ್ಲಿ ಗುವಾಹಟಿ ಮತ್ತು ಶಿಲ್ಲಾಂಗ್‌ನಲ್ಲಿ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಪದಕದ ಆಟವಾಗಿತ್ತು. ಮೊದಲ ವಿಶ್ವಕಪ್ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆಯಿತು. ಒಳಾಂಗಣದಲ್ಲಿ ಮ್ಯಾಟ್ ಮೇಲೆ, ಕಡಿಮೆ ಸಮಯದಲ್ಲಿ ಮುಗಿಯುವಂತೆ ಆಟವನ್ನು ತಿದ್ದಿರುವುದು ಸರಿಯಾದ ಹೆಜ್ಜೆ; ಮಣ್ಣಿನ ಅಂಗಳದಲ್ಲಿ ಆಡಿ ಬೆಳೆದವರಿಗೆ ಅದು ಒಗ್ಗದಿದ್ದರೂ ಹೊರದೇಶದವರಿಗೆ ಆಟ ತಲುಪಬೇಕಾದರೆ ಬೇರೆ ದಾರಿಯಿಲ್ಲ.

ಸ್ಕೇಟ್ ತೊಟ್ಟು ಕೈಯಿಂದ ಚೆಂಡಾಡುವ ರೋಲ್ ಬಾಲ್ ಹುಟ್ಟಿದ್ದೇ ಪುಣೆಯಲ್ಲಿ. ಅದರ ಮೊದಲ ವಿಶ್ವಕಪ್ ಕೂಡ 2011ರಲ್ಲಿ ಅಲ್ಲಿಯೇ ನಡೆಯಿತು. 2023ರ ಅಕ್ಟೋಬರ್-ನವೆಂಬರ್‌ನಲ್ಲಿ ಗೋವಾದಲ್ಲಿ ಜರುಗಿದ 37ನೇ ರಾಷ್ಟ್ರೀಯ ಕ್ರೀಡಾಕೂಟದ 43 ಕ್ರೀಡೆಗಳಲ್ಲಿ ರೋಲ್ ಬಾಲ್, ಬೀಚ್ ಫುಟ್‌ಬಾಲ್, ಕಳರಿಪಯಟ್ಟು, ಸೆಪಕ್ ಟಕ್ರಾ ಹೊಸದಾಗಿ ಸೇರಿದವು. ಲಗೋರಿಗೆ ಪ್ರದರ್ಶನ ಕ್ರೀಡೆಯ ಸ್ಥಾನ ಸಿಕ್ಕಿತು. ವಾಸ್ಕೊ, ಮಡಗಾಂವ್‌ನ ಕನ್ನಡ ಮಕ್ಕಳು ಗಲ್ಲಿಯಲ್ಲಿ ಕಲ್ಲು ಪೇರಿಸಿ ಆಡುವ ಆಟಕ್ಕೆ ಇಷ್ಟಾದರೂ ಮನ್ನಣೆ ದೊರೆತದ್ದು ಸಂತೋಷದ ಸಂಗತಿ. ಆದರೆ ರಾಷ್ಟ್ರೀಯ ಕೂಟದ ಪಟ್ಟಿ ನಮ್ಮ ದೇಶದೊಳಗಿನ ತೀರ್ಮಾನ. ಅಂತರರಾಷ್ಟ್ರೀಯ ಮಾನ್ಯತೆಗೂ ಅದಕ್ಕೂ ನೇರ ಸಂಬಂಧವಿಲ್ಲ.

ಚೆಸ್ ಮತ್ತು ಕೇರಂ?

ಚೆಸ್‌ನ ಅಂತರರಾಷ್ಟ್ರೀಯ ಸಂಸ್ಥೆಗೆ 1999ರಿಂದ ಐಒಸಿ ಮಾನ್ಯತೆ ಇದೆ, ಆದರೂ ಚೆಸ್ ಒಲಿಂಪಿಕ್ಸ್‌ನ ಕಾರ್ಯಕ್ರಮದಲ್ಲಿಲ್ಲ. ಮಾನ್ಯತೆ ಒಂದು, ಕಾರ್ಯಕ್ರಮದಲ್ಲಿ ಸ್ಥಾನ ಮತ್ತೊಂದು. ಏಷ್ಯನ್ ಗೇಮ್ಸ್‌ನಲ್ಲಿ 2006, 2010 ಮತ್ತು 2023ರ ಹಾಂಗ್‌ಝೌ ಕೂಟಗಳಲ್ಲಿ ಚೆಸ್ ಇತ್ತು. ಮುಂಬೈಯ ಚಾಳುಗಳಲ್ಲಿ ಅದ್ಭುತ ಆಟಗಾರರನ್ನು ಬೆಳೆಸಿದ ಕೇರಂ ಈ ಯಾವ ಕೂಟದ ಪದಕಪಟ್ಟಿಗೂ ಬಂದಿಲ್ಲ.

ಏಷ್ಯನ್ ಗೇಮ್ಸ್‌ನಲ್ಲಿ ಒಲಿಂಪಿಕ್ಸ್‌ಗಿಂತ ಹೆಚ್ಚು ಕ್ರೀಡೆಗಳಿರುವುದೇಕೆ?

ಅಲ್ಲಿ ನಿರ್ಧಾರ ಒಲಿಂಪಿಕ್ ಕೌನ್ಸಿಲ್ ಆಫ್ ಏಷ್ಯಾ ಮತ್ತು ಆತಿಥೇಯರದ್ದು, ಖಂಡದ ಪ್ರತಿ ಪ್ರದೇಶದ ಆಟಗಳಿಗೂ ಜಾಗ ಕೊಡಬೇಕೆಂಬ ಆಶಯವೂ ಇದೆ. ಆಗ್ನೇಯ ಏಷ್ಯಾದ ಸೆಪಕ್ ಟಕ್ರಾ, ಚೀನಾದ ವುಶು, ಮಧ್ಯ ಏಷ್ಯಾದ ಕುರಾಶ್, ನಮ್ಮ ಕಬಡ್ಡಿ ಹೀಗೆ ಬಂದವು. 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ 40 ಕ್ರೀಡೆಗಳು, 61 ವಿಭಾಗಗಳು ಮತ್ತು 481 ಸ್ಪರ್ಧೆಗಳಿದ್ದವು. ಆತಿಥೇಯರು ಬದಲಾದಂತೆ ಪಟ್ಟಿಯೂ ಬದಲಾಗುತ್ತದೆ: ಕ್ರಿಕೆಟ್ 2010 ಮತ್ತು 2014ರಲ್ಲಿ ಇದ್ದು, 2018ರಲ್ಲಿ ಇಲ್ಲದೆ, ಹಾಂಗ್‌ಝೌನಲ್ಲಿ ಮರಳಿತು.

ಕಾಮನ್‌ವೆಲ್ತ್ ಗೇಮ್ಸ್‌ನಿಂದ ಹಾಕಿ, ಶೂಟಿಂಗ್, ಬ್ಯಾಡ್ಮಿಂಟನ್ ಹೋದದ್ದು ಹೇಗೆ?

ಈ ಕೂಟದಲ್ಲಿ ಕಡ್ಡಾಯವಾದ ಕ್ರೀಡೆಗಳು ಬಹಳ ಕಡಿಮೆ. 2021ರಲ್ಲಿ ಒಪ್ಪಿದ ಹೊಸ ನೀತಿಯ ಪ್ರಕಾರ ಅಥ್ಲೆಟಿಕ್ಸ್ ಮತ್ತು ಈಜು ಮಾತ್ರ ಕಡ್ಡಾಯ, ಉಳಿದವು ಆತಿಥೇಯರ ಆಯ್ಕೆ. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ ಶೂಟಿಂಗ್ ಮತ್ತು ಬಿಲ್ಲುಗಾರಿಕೆ ಇರಲಿಲ್ಲ, ಮಹಿಳಾ ಟಿ20 ಕ್ರಿಕೆಟ್ ಇತ್ತು. 2026ರ ಕೂಟವನ್ನು ನಡೆಸಬೇಕಾಗಿದ್ದ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2023ರ ಜುಲೈನಲ್ಲಿ ಖರ್ಚಿನ ಕಾರಣ ಕೊಟ್ಟು ಹಿಂದೆ ಸರಿದಾಗ, ಗ್ಲಾಸ್ಗೋ ನಗರ ಇರುವ ಕ್ರೀಡಾಂಗಣಗಳಲ್ಲಿಯೇ ಮುಗಿಸುವ ಸಣ್ಣ ಕೂಟಕ್ಕೆ ಮುಂದಾಯಿತು. ಅದಕ್ಕಾಗಿ 10 ಕ್ರೀಡೆಗಳನ್ನಷ್ಟೇ ಉಳಿಸಿಕೊಂಡರು. ಹಾಕಿ, ಬ್ಯಾಡ್ಮಿಂಟನ್, ಕುಸ್ತಿ, ಟೇಬಲ್ ಟೆನಿಸ್, ಶೂಟಿಂಗ್ ಮತ್ತು ಕ್ರಿಕೆಟ್ ಆ ಪಟ್ಟಿಯಲ್ಲಿಲ್ಲ. ಭಾರತದ ಪದಕಗಳ ದೊಡ್ಡ ಪಾಲು ಬರುತ್ತಿದ್ದುದು ಈ ಕ್ರೀಡೆಗಳಿಂದಲೇ ಆದ್ದರಿಂದ, ಯಾರೋ ಉದ್ದೇಶಪೂರ್ವಕವಾಗಿ ನಮ್ಮನ್ನು ಗುರಿಯಾಗಿಸಿದರು ಎಂಬ ಮಾತು ಇಲ್ಲಿ ಬಹಳ ಓಡಾಡಿತು. ಆದರೆ ಆಯ್ಕೆಯಾದ ಸ್ಥಳಗಳೆಲ್ಲವೂ ಸುಮಾರು ಎಂಟು ಮೈಲಿಯ ಪರಿಧಿಯೊಳಗಿದ್ದ ನಾಲ್ಕು ಮಾತ್ರ ಎಂಬುದನ್ನು ಗಮನಿಸಿದರೆ, ಹಣ ಮತ್ತು ಜಾಗದ ಲೆಕ್ಕವೇ ಇದಕ್ಕೆ ಸಾಕಷ್ಟು ವಿವರಣೆಯಾಗುತ್ತದೆ.

ಒಲಿಂಪಿಕ್ಸ್‌ನ ಕ್ರೀಡೆಗಳಲ್ಲಿ ಮೇಲು-ಕೀಳು ಎಂಬ ಶ್ರೇಣಿ ಇದೆಯೇ?

ಪದಕಕ್ಕೆ ಇಲ್ಲ, ಹಣಕ್ಕೆ ಇದೆ. ದೂರದರ್ಶನ ಹಕ್ಕುಗಳಿಂದ ಬರುವ ಆದಾಯದ ಹಂಚಿಕೆಗಾಗಿ 2013ರಲ್ಲಿ ಕ್ರೀಡೆಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದರು. ಅಥ್ಲೆಟಿಕ್ಸ್, ಜಲಕ್ರೀಡೆ ಮತ್ತು ಜಿಮ್ನಾಸ್ಟಿಕ್ಸ್ ಮೊದಲ ಗುಂಪಿನಲ್ಲಿ, ಬ್ಯಾಡ್ಮಿಂಟನ್ ಮತ್ತು ಶೂಟಿಂಗ್ ಮೂರನೆಯದರಲ್ಲಿ, ಹಾಕಿ ಮತ್ತು ಕುಸ್ತಿ ನಾಲ್ಕನೆಯದರಲ್ಲಿ ಇದ್ದವು. ಸಣ್ಣ ಫೆಡರೇಷನ್ನುಗಳು ಒಲಿಂಪಿಕ್ಸ್‌ನಿಂದ ಹೊರಬೀಳಲು ಅಷ್ಟೊಂದು ಹೆದರುವುದು ಈ ವರಮಾನವೇ ಅವುಗಳ ಜೀವಾಳವಾಗಿರುವುದರಿಂದ.

ಕುಸ್ತಿ, ಬಾಕ್ಸಿಂಗ್‌ಗಳಲ್ಲಿ ತೂಕದ ವಿಭಾಗಗಳು ಹೇಗೆ ನಿರ್ಧಾರವಾಗುತ್ತವೆ?

ವಿಭಾಗಗಳನ್ನು ಗುರುತಿಸುವುದು ಅಂತರರಾಷ್ಟ್ರೀಯ ಫೆಡರೇಷನ್. ಅವುಗಳಲ್ಲಿ ಎಷ್ಟಕ್ಕೆ ಒಲಿಂಪಿಕ್ ಪದಕವೆಂದು ನಿರ್ಧರಿಸುವುದು ಐಒಸಿ. ಕುಸ್ತಿಯ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪ್ರತಿ ಶೈಲಿಗೆ 10 ತೂಕಗಳಿವೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಪ್ರತಿ ಶೈಲಿಗೆ ಆರು ಮಾತ್ರ. ಮಹಿಳೆಯರಲ್ಲಿ 50, 53, 57, 62, 68 ಮತ್ತು 76 ಕೆ.ಜಿ. ವಿಭಾಗಗಳಷ್ಟೇ ಇದ್ದವು; 55, 59, 65, 72ರಲ್ಲಿ ವಿಶ್ವ ಚಾಂಪಿಯನ್ ಆದವರು ಕೂಡ ಮೇಲಕ್ಕೋ ಕೆಳಕ್ಕೋ ಸರಿಯಲೇಬೇಕು. ವಿನೇಶ್ ಫೋಗಟ್ ಅವರಿಗೆ ಆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವರು 53 ಕೆ.ಜಿ.ಯಲ್ಲಿ ಆಡುತ್ತಿದ್ದವರು. ಆ ಸ್ಥಾನ ಭಾರತಕ್ಕೆ ಬೇರೊಬ್ಬ ಕುಸ್ತಿಪಟುವಿನ ಮೂಲಕ ದೊರೆತಿದ್ದರಿಂದ 50ಕ್ಕೆ ಇಳಿದರು. ಫೈನಲ್‌ನ ಬೆಳಿಗ್ಗೆ ಸುಮಾರು 100 ಗ್ರಾಂ ಹೆಚ್ಚಿದ್ದ ಕಾರಣಕ್ಕೆ ಇಡೀ ಸ್ಪರ್ಧೆಯಿಂದಲೇ ಅನರ್ಹರಾದರು. ತೂಕದ ವಿಭಾಗಗಳು ಕಡಿಮೆಯಾದಷ್ಟೂ ಅಪಾಯಕಾರಿ ತೂಕ ಇಳಿಕೆ ಹೆಚ್ಚುತ್ತದೆ. ಸ್ಪರ್ಧೆಗಳ ಸಂಖ್ಯೆಯನ್ನು ಕತ್ತರಿಸುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಸಾತಾರಾ ಜಿಲ್ಲೆಯ ಖಾಶಾಬಾ ಜಾಧವ್ 1948ರಲ್ಲಿ ಲಂಡನ್‌ನಲ್ಲಿ ಫ್ಲೈವೇಟ್‌ನಲ್ಲಿ ಆರನೆಯವರಾಗಿ, 1952ರಲ್ಲಿ ಹೆಲ್ಸಿಂಕಿಯಲ್ಲಿ ಒಂದು ವಿಭಾಗ ಮೇಲೇರಿ ಬ್ಯಾಂಟಮ್‌ವೇಟ್‌ನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ದೇಹಕ್ಕೆ ಒಪ್ಪುವ ತೂಕದಲ್ಲಿ ಆಡುವುದರ ಮಹತ್ವವನ್ನು ಎಳೆಯ ಕುಸ್ತಿಪಟುಗಳಿಗೆ ಹೇಳುವಾಗ ನೆನೆಯಬೇಕಾದ ಹೆಸರು.

ಮಹಿಳಾ ವಿಭಾಗದಲ್ಲಿ ಯಾರು ಸ್ಪರ್ಧಿಸಬಹುದೆಂದು ಯಾರು ಹೇಳುತ್ತಾರೆ?

ಇದುವರೆಗೆ ಮುಖ್ಯವಾಗಿ ಆಯಾ ಕ್ರೀಡೆಯ ಅಂತರರಾಷ್ಟ್ರೀಯ ಫೆಡರೇಷನ್ನುಗಳೇ ನಿಯಮ ರೂಪಿಸಿವೆ, ಅವು ಹಲವು ಬಾರಿ ಬದಲಾಗಿವೆ. ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ಅವರನ್ನು 2014ರಲ್ಲಿ ಪುರುಷ ಹಾರ್ಮೋನ್ ಮಟ್ಟದ ನಿಯಮದಡಿ ದೂರವಿಟ್ಟಾಗ ಅವರು ಕ್ರೀಡಾ ನ್ಯಾಯಮಂಡಳಿಗೆ ಹೋದರು. 2015ರಲ್ಲಿ ಆ ನಿಯಮವೇ ಅಮಾನತಾಯಿತು. 2018ರಲ್ಲಿ 400 ಮೀಟರ್‌ನಿಂದ ಒಂದು ಮೈಲಿಯವರೆಗಿನ ಓಟಗಳಿಗೆ ಬೇರೆ ನಿಯಮ ಬಂತು. 2025ರ ಸೆಪ್ಟೆಂಬರ್‌ನಿಂದ ವರ್ಲ್ಡ್ ಅಥ್ಲೆಟಿಕ್ಸ್ ತನ್ನ ವಿಶ್ವಮಟ್ಟದ ಮಹಿಳಾ ಸ್ಪರ್ಧೆಗಳಿಗೆ ಜೀನ್ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಪರೀಕ್ಷೆಯ ಹೆಸರಿನಲ್ಲಿ ಹುಡುಗಿಯೊಬ್ಬಳ ಖಾಸಗಿ ವಿವರ ಊರೆಲ್ಲ ಹರಡದಂತೆ ನೋಡಿಕೊಳ್ಳುವುದು ತರಬೇತುದಾರರ ಮತ್ತು ಸಂಘಗಳ ಮೊದಲ ಕರ್ತವ್ಯ.

ವಯಸ್ಸಿನ ಮಿತಿ?

ಒಂದೊಂದು ಕ್ರೀಡೆಗೆ ಒಂದೊಂದು. ಪುರುಷರ ಒಲಿಂಪಿಕ್ ಫುಟ್‌ಬಾಲ್ 23ರೊಳಗಿನವರದ್ದು, ತಂಡಕ್ಕೆ ಮೂವರು ಹಿರಿಯರಿಗೆ ಅವಕಾಶ. ಮಹಿಳಾ ಫುಟ್‌ಬಾಲ್‌ಗೆ ಆ ಮಿತಿಯಿಲ್ಲ.

ಪ್ಯಾರಾಲಿಂಪಿಕ್ಸ್‌ನಲ್ಲಿ ಟಿ64, ಎಫ್46, ಎಸ್‌ಎಲ್4 ಎಂದರೆ ಏನು?

ಪ್ಯಾರಾ ಕ್ರೀಡೆಯಲ್ಲಿ ವರ್ಗೀಕರಣವೇ ಅಡಿಪಾಯ. ಅಂಗವೈಕಲ್ಯದ ಹೆಸರಿಗಿಂತ, ಅದು ಆ ನಿರ್ದಿಷ್ಟ ಕ್ರೀಡೆಯ ಚಲನೆಗೆ ಎಷ್ಟು ಅಡ್ಡಿಯಾಗುತ್ತದೆ ಎಂಬುದನ್ನು ಅಳೆಯುತ್ತಾರೆ. ಅರ್ಹವಾದ ದುರ್ಬಲತೆಗಳು ಹತ್ತು: ಸ್ನಾಯುಬಲದ ಕೊರತೆ, ಕೀಲುಗಳ ಚಲನೆಯ ಮಿತಿ, ಅಂಗದ ಕೊರತೆ, ಕಾಲುಗಳ ಉದ್ದದ ವ್ಯತ್ಯಾಸ, ಕುಬ್ಜತೆ, ಸ್ನಾಯುಬಿಗಿತ, ಚಲನೆಯ ಹೊಂದಾಣಿಕೆಯ ದೋಷ, ಅನೈಚ್ಛಿಕ ಚಲನೆ, ದೃಷ್ಟಿದೋಷ ಮತ್ತು ಬೌದ್ಧಿಕ ದುರ್ಬಲತೆ. ಎಲ್ಲ ಕ್ರೀಡೆಗಳೂ ಈ ಹತ್ತನ್ನೂ ಸೇರಿಸಿಕೊಳ್ಳುವುದಿಲ್ಲ.

ಅಥ್ಲೆಟಿಕ್ಸ್‌ನಲ್ಲಿ ಟಿ ಎಂದರೆ ಓಟ ಮತ್ತು ಜಿಗಿತ, ಎಫ್ ಎಂದರೆ ಎಸೆತ. ಮುಂದಿನ ಅಂಕಿಯ ಮೊದಲ ಅಂಕ ದುರ್ಬಲತೆಯ ಬಗೆಯನ್ನು ಸೂಚಿಸುತ್ತದೆ. 11ರಿಂದ 13 ದೃಷ್ಟಿದೋಷಕ್ಕೆ, 20 ಬೌದ್ಧಿಕ ದುರ್ಬಲತೆಗೆ, 31ರಿಂದ 38 ಸೆರೆಬ್ರಲ್ ಪಾಲ್ಸಿಯಂತಹ ಸ್ಥಿತಿಗಳಿಗೆ, 40 ಮತ್ತು 41 ಕುಬ್ಜತೆಗೆ, 42ರಿಂದ 47 ಕೈಕಾಲುಗಳ ದುರ್ಬಲತೆಗೆ, 50ರ ಸಾಲು ಕುಳಿತು ಸ್ಪರ್ಧಿಸುವವರಿಗೆ, 61ರಿಂದ 64 ಕೃತಕ ಕಾಲು ಧರಿಸಿ ಸ್ಪರ್ಧಿಸುವವರಿಗೆ. ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಅಂಕಿ ಚಿಕ್ಕದಾದಷ್ಟೂ ಅಡ್ಡಿ ಹೆಚ್ಚು. ಸಾಂಗಲಿ ಜಿಲ್ಲೆಯ ಸಚಿನ್ ಖಿಲಾರಿ ಪ್ಯಾರಿಸ್‌ನಲ್ಲಿ ಗುಂಡು ಎಸೆತದ ಬೆಳ್ಳಿ ಗೆದ್ದದ್ದು ಕೈಯ ದುರ್ಬಲತೆಯ ಎಫ್46 ವರ್ಗದಲ್ಲಿ. ಹಾಸನ ಜಿಲ್ಲೆಯ ಗಿರೀಶ್ 2012ರ ಲಂಡನ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದಾಗ ವರ್ಗದ ಹೆಸರು ಎಫ್42 ಎಂದಿತ್ತು; ಜಿಗಿತಗಳು ಟಿ ಗುಂಪಿಗೆ ಸೇರಿದ್ದು ಆಮೇಲೆ. ಹಳೆಯ ಫಲಿತಾಂಶಗಳನ್ನು ಈಗಿನವುಗಳೊಂದಿಗೆ ಹೋಲಿಸುವವರು ಇದನ್ನು ಗಮನಿಸಬೇಕು.

ಬ್ಯಾಡ್ಮಿಂಟನ್‌ನಲ್ಲಿ ಗಾಲಿಕುರ್ಚಿಯವರಿಗೆ ಎರಡು, ಕಾಲಿನ ದುರ್ಬಲತೆಗೆ ಎಸ್‌ಎಲ್3 ಮತ್ತು ಎಸ್‌ಎಲ್4, ಕೈಗೆ ಎಸ್‌ಯು5, ಕುಬ್ಜತೆಗೆ ಎಸ್‌ಎಚ್6 ಎಂಬ ವರ್ಗಗಳಿವೆ. ಎಸ್‌ಎಲ್3 ಸಿಂಗಲ್ಸ್ ಅರ್ಧ ಅಂಕಣದಲ್ಲಿ ನಡೆದರೆ ಎಸ್‌ಎಲ್4 ಪೂರ್ಣ ಅಂಕಣದಲ್ಲಿ ನಡೆಯುತ್ತದೆ. ಹಾಸನದಲ್ಲಿ ಹುಟ್ಟಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಬೆಳ್ಳಿ ಗೆದ್ದದ್ದು ಎಸ್‌ಎಲ್4ರಲ್ಲಿ.

ತಂಡದ ಪ್ಯಾರಾ ಆಟಗಳಲ್ಲಿ ಅಂಕದ ಮಿತಿ ಏಕೆ?

ಗಾಲಿಕುರ್ಚಿ ಬಾಸ್ಕೆಟ್‌ಬಾಲ್‌ನಲ್ಲಿ ಪ್ರತಿ ಆಟಗಾರರಿಗೆ 1.0ರಿಂದ 4.5ರವರೆಗೆ ಅಂಕವಿರುತ್ತದೆ, ಅಂಕಣದಲ್ಲಿರುವ ಐವರ ಒಟ್ಟು 14 ಮೀರಬಾರದು. ಗಾಲಿಕುರ್ಚಿ ರಗ್ಬಿಯಲ್ಲಿ ನಾಲ್ವರ ಮಿತಿ 8. ಹೆಚ್ಚು ಅಡ್ಡಿ ಇರುವವರನ್ನು ಬೆಂಚಿನ ಮೇಲೆ ಕೂರಿಸಿ ಬಲಶಾಲಿಗಳನ್ನು ಮಾತ್ರ ಆಡಿಸಿದರೆ ಆಟದ ಉದ್ದೇಶವೇ ಕೆಡುತ್ತದೆ. ಈ ಸರಳ ಲೆಕ್ಕ ಅದನ್ನು ತಡೆಯುತ್ತದೆ.

ವರ್ಗೀಕರಣದಲ್ಲಿ ಮೋಸ ನಡೆಯುವುದಿಲ್ಲವೇ? ಪದಕ ಬಂದ ಮೇಲೂ ವರ್ಗ ಬದಲಾಗಬಹುದೇ?

ಎರಡೂ ನಡೆದಿವೆ. ಸಿಡ್ನಿ 2000ದಲ್ಲಿ ಬೌದ್ಧಿಕ ದುರ್ಬಲತೆಯ ವಿಭಾಗದ ಬಾಸ್ಕೆಟ್‌ಬಾಲ್ ಚಿನ್ನ ಗೆದ್ದ ಸ್ಪೇನ್ ತಂಡದ ಹೆಚ್ಚಿನ ಆಟಗಾರರಿಗೆ ಅಂತಹ ದುರ್ಬಲತೆಯೇ ಇರಲಿಲ್ಲವೆಂದು ಬಯಲಾಯಿತು. ಅದರ ಶಿಕ್ಷೆ ನಿರಪರಾಧಿಗಳಿಗೂ ತಟ್ಟಿತು. 2012ರ ಲಂಡನ್‌ವರೆಗೆ ಆ ವಿಭಾಗವೇ ಪ್ಯಾರಾಲಿಂಪಿಕ್ಸ್‌ನಲ್ಲಿ ಇರಲಿಲ್ಲ. ಟೋಕಿಯೊದಲ್ಲಿ ಭಾರತದ ಒಬ್ಬ ಡಿಸ್ಕಸ್ ಎಸೆತಗಾರರು ಎಫ್52ರಲ್ಲಿ ಗೆದ್ದ ಕಂಚು, ಅವರು ಆ ವರ್ಗಕ್ಕೆ ಅರ್ಹರಲ್ಲವೆಂದು ಮರುಪರಿಶೀಲನೆಯಲ್ಲಿ ತೀರ್ಮಾನವಾದ ಕಾರಣ ಕೈತಪ್ಪಿತು. ಪರಿಣತರ ಸಮಿತಿ ಮೊದಲು ದೇಹಪರೀಕ್ಷೆ, ನಂತರ ಕ್ರೀಡೆಯ ಚಲನೆಗಳ ಪರೀಕ್ಷೆ ನಡೆಸಿ, ಅಗತ್ಯವಿದ್ದರೆ ಸ್ಪರ್ಧೆಯ ವೇಳೆಯಲ್ಲೂ ಗಮನಿಸುತ್ತದೆ. ಸ್ಥಿತಿ ಬದಲಾಗದವರ ವರ್ಗವನ್ನು ದೃಢೀಕರಿಸುತ್ತಾರೆ, ಬದಲಾಗುವ ಸಂಭವವಿರುವವರನ್ನು ಮರುಪರಿಶೀಲನೆಯಲ್ಲಿಡುತ್ತಾರೆ.

ಶ್ರವಣದೋಷವಿರುವ ಮಕ್ಕಳು ಪ್ಯಾರಾಲಿಂಪಿಕ್ಸ್‌ಗೆ ಹೋಗಬಹುದೇ?

ಶ್ರವಣದೋಷ ಆ ಹತ್ತರ ಪಟ್ಟಿಯಲ್ಲಿಲ್ಲ. ಅವರಿಗಾಗಿ 1924ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ಡೆಫ್ಲಿಂಪಿಕ್ಸ್ ಇದೆ. ಬೌದ್ಧಿಕ ದುರ್ಬಲತೆಯವರಿಗೆ 1968ರಲ್ಲಿ ಶುರುವಾದ ಸ್ಪೆಷಲ್ ಒಲಿಂಪಿಕ್ಸ್ ಕೂಡ ಬೇರೆಯೇ ಕೂಟ. ಅಲ್ಲಿ ಗೆಲುವಿಗಿಂತ ಎಲ್ಲರೂ ಪಾಲ್ಗೊಳ್ಳುವುದಕ್ಕೆ ಪ್ರಾಮುಖ್ಯ.

ಅಂಗವೈಕಲ್ಯವಿರುವ ನಮ್ಮ ಮಗುವನ್ನು ಕ್ರೀಡೆಗೆ ಸೇರಿಸಬೇಕೆಂದಿದ್ದೇವೆ. ವರ್ಗೀಕರಣಕ್ಕೆ ಎಲ್ಲಿಂದ ಆರಂಭಿಸಬೇಕು?

ಮೊದಲು ಮಗು ಇಷ್ಟಪಡುವ ಆಟವನ್ನು ಆಡಲಿ, ವರ್ಗದ ಚಿಂತೆ ಎರಡನೆಯದು. 1965ರ ಯುದ್ಧದಲ್ಲಿ ಗಾಯಗೊಂಡ ಸೈನಿಕ, ಸಾಂಗಲಿ ಜಿಲ್ಲೆಯ ಮುರಳೀಕಾಂತ್ ಪೇಟ್ಕರ್ 1972ರ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದವರು. ಅವರು ಗಾಯಕ್ಕೆ ಮೊದಲು ಬಾಕ್ಸರ್ ಆಗಿದ್ದರು. ಸೂಕ್ತವಾದ ಕ್ರೀಡೆ ಯಾವುದೆಂದು ತಿಳಿಯಲು ಎರಡು ಮೂರು ಆಟಗಳನ್ನು ಪ್ರಯತ್ನಿಸಿ ನೋಡಬೇಕಾಗುತ್ತದೆ.

ಸ್ಪರ್ಧೆಯ ಹಂತಕ್ಕೆ ಬಂದಾಗ ರಾಜ್ಯದ ಪ್ಯಾರಾ ಕ್ರೀಡಾ ಸಂಘದ ಮೂಲಕ ಹೆಸರು ನೋಂದಾಯಿಸಬೇಕು. ರಾಷ್ಟ್ರೀಯ ಸ್ಪರ್ಧೆಗಳಲ್ಲಿ ದೊರೆಯುವ ವರ್ಗ ದೇಶದೊಳಗೆ ಮಾತ್ರ ಅನ್ವಯಿಸುತ್ತದೆ. ಹೊರದೇಶದ ಕೂಟಗಳಿಗೆ ಅಂತರರಾಷ್ಟ್ರೀಯ ಸಮಿತಿಯ ಮುಂದೆ ಮತ್ತೊಮ್ಮೆ ಹಾಜರಾಗಬೇಕು, ಅಲ್ಲಿ ವರ್ಗ ಬದಲಾಗಲೂಬಹುದು. ಸರ್ಕಾರಿ ಅಂಗವೈಕಲ್ಯ ಪ್ರಮಾಣಪತ್ರದಲ್ಲಿರುವ ಶೇಕಡಾವಾರು ಅಂಕಿಗೂ ಕ್ರೀಡಾ ವರ್ಗಕ್ಕೂ ನೇರ ಸಂಬಂಧವಿಲ್ಲ; 40 ಅಥವಾ 70 ಎಂದು ಅಲ್ಲಿ ಬರೆದಿದ್ದರೂ ಕ್ರೀಡೆಯ ಪರಿಣತರು ತಮ್ಮದೇ ಅಳತೆ ಮಾಡುತ್ತಾರೆ. ಆಸ್ಪತ್ರೆಯ ಹಳೆಯ ಕಡತ, ಶಸ್ತ್ರಚಿಕಿತ್ಸೆಯ ವಿವರ, ಎಕ್ಸ್‌ರೇ, ಎಂಆರ್‌ಐ ಮತ್ತು ಕಣ್ಣಿನ ಪರೀಕ್ಷೆಯ ವರದಿಗಳನ್ನು ಮೊದಲ ದಿನದಿಂದಲೇ ಕಾಯ್ದಿಡಿ. ಅಂತರರಾಷ್ಟ್ರೀಯ ವರ್ಗೀಕರಣಕ್ಕೆ ವೈದ್ಯರು ಇಂಗ್ಲಿಷ್‌ನಲ್ಲಿ ತುಂಬಿ ಸಹಿ ಮಾಡಿದ ರೋಗನಿದಾನದ ನಮೂನೆ ಬೇಕಾಗುತ್ತದೆ. ಅದನ್ನು ಪ್ರಯಾಣದ ಹಿಂದಿನ ವಾರಕ್ಕೆ ಬಿಡದೆ ತಿಂಗಳುಗಳ ಮೊದಲೇ ಸಿದ್ಧಪಡಿಸಿಕೊಳ್ಳಿ.